ತೇಜಸ್ವಿ ಕೇಳಿದ್ದು ಬರೀ ಫಾಂಟ್ ಅಲ್ಲ

ಪೂರ್ಣಚಂದ್ರ ತೇಜಸ್ವಿ ಅಂದ ತಕ್ಷಣ ನಮ್ಮ ತಲೆಮಾರಿನವರಿಗೆ ನೆನಪಾಗೋದು ಟೀ ಶರ್ಟ್ ಮೇಲಿನ ಗಡ್ಡದ ಮುಖ, ಹೆಗಲಿಗೆ ಕ್ಯಾಮೆರಾ, ಮೂಡಿಗೆರೆಯ ಕಾಡು, ‘ಕರ್ವಾಲೊ’. ಇಷ್ಟಕ್ಕೇ ಅವರನ್ನು ನಿಲ್ಲಿಸಿಬಿಟ್ಟಿದ್ದೇವೆ. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಹಟ ಹಿಡಿದು ಮಾತಾಡಿದ್ದು ಹಕ್ಕಿಗಳ ಬಗ್ಗೆ ಮಾತ್ರ ಅಲ್ಲ, ಕನ್ನಡ ತಂತ್ರಾಂಶದ ಬಗ್ಗೆ ಕೂಡ. ದಾವಣಗೆರೆಯ ಸರಸ್ವತಿ ನಗರದಲ್ಲಿ ಕೂತು ಈ ಅಂಕಣ ಬರೆಯುವ, ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ತೇಜಸ್ವಿಯವರ ಅತ್ಯಂತ ರಾಜಕೀಯ ಕೆಲಸ ಇದೇ ಅನ್ನಿಸುತ್ತೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ಅವರ ಬದುಕನ್ನು ಮೊದಲಿಂದ ನೋಡಬೇಕು.

ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಅಪ್ಪ ಕುವೆಂಪು, ಅಮ್ಮ ಹೇಮಾವತಿ. ಬೆಳೆದಿದ್ದು, ಓದಿದ್ದು ಮೈಸೂರಿನಲ್ಲಿ. ಎಂಎ ಮುಗಿಸಿದ ಕುವೆಂಪು ಮಗನಿಗೆ ಮೇಷ್ಟರ ಕೆಲಸ ಸಿಗೋದು ಕಷ್ಟವಿರಲಿಲ್ಲ. ಅವರು ಆ ದಾರಿ ಬಿಟ್ಟು ಮೂಡಿಗೆರೆ ಕಡೆ ಹೋಗಿ ಜಮೀನು ಮಾಡಿ, ಕಾಫಿ ಬೆಳೆದರು. ತೋಟಕ್ಕೆ ‘ಚಿತ್ರಕೂಟ’ ಅಂತ ಹೆಸರಿಟ್ಟರು. 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಮುಹೂರ್ತ ಇಲ್ಲ. ಕುವೆಂಪು ರೂಪಿಸಿದ ಆ ಮಂತ್ರಮಾಂಗಲ್ಯ ಇವತ್ತಿಗೂ ಕರ್ನಾಟಕದ ಎಷ್ಟೋ ಜೋಡಿಗಳಿಗೆ ದಾರಿಯಾಗಿದೆ. ದೇವರಿಗೂ ಮನುಷ್ಯನಿಗೂ ಮಧ್ಯೆ ದಲ್ಲಾಳಿ ಬೇಡ ಅನ್ನೋ ವಿಚಾರ ಅವರ ಮನೆಯಲ್ಲೇ ಆಚರಣೆಗೆ ಬಂದಿತ್ತು.

ಲೋಹಿಯಾ ಅವರ ಸಮಾಜವಾದ ತೇಜಸ್ವಿಯವರನ್ನು ಗಾಢವಾಗಿ ತಟ್ಟಿತ್ತು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ಬಂತು. ಅದರ ಮುನ್ನುಡಿಯಲ್ಲಿ, ತಾವೂ ಬರೆದು ಬೆಳೆದಿದ್ದ ನವ್ಯ ಸಾಹಿತ್ಯದ ಹಾದಿಯಿಂದ ಬಹಿರಂಗವಾಗಿ ಹೊರಬಂದರು. ಮರುವರ್ಷ ಮೈಸೂರಿನಲ್ಲಿ ಸೇರಿದ ಬರಹಗಾರರ ಮತ್ತು ಕಲಾವಿದರ ಒಕ್ಕೂಟದ ಹಿಂದೆ ಅವರೂ ಇದ್ದರು. ಜಾತಿ, ಮೌಢ್ಯ, ಸಾಹಿತ್ಯದೊಳಗಿನ ಯಜಮಾನಿಕೆ ಎಲ್ಲದರ ಮೇಲೂ ಅಲ್ಲಿ ಪ್ರಶ್ನೆ ಎದ್ದಿತು. ಆಮೇಲೆ ರೈತ ಚಳವಳಿಯ ಜೊತೆಗೂ ನಿಂತರು.

1980ರಲ್ಲಿ ಬಂದ ‘ಕರ್ವಾಲೊ’ ಓದಿದವರಿಗೆ ಮಂದಣ್ಣ ಗೊತ್ತು. ಜೇನು ಹಿಡಿಯೋ, ಶಾಲೆಯ ಲೆಕ್ಕದಲ್ಲಿ ದಡ್ಡ ಅನ್ನಿಸಿಕೊಂಡ ಹಳ್ಳಿ ಹುಡುಗ. ಆದರೆ ಹಾರುವ ಓತಿಯ ಹಿಂದೆ ಬಿದ್ದ ದೊಡ್ಡ ವಿಜ್ಞಾನಿ ಕರ್ವಾಲೊಗೆ ಅವನೇ ಬೇಕು. ಜ್ಞಾನ ಯಾರ ಸ್ವತ್ತೂ ಅಲ್ಲ, ಪದವಿ ಇದ್ದವರ ಕೈಲಿ ಮಾತ್ರ ಅದು ಇರಲ್ಲ ಅನ್ನೋದು ಆ ಕಾದಂಬರಿಯ ಜೀವ. ‘ಚಿದಂಬರ ರಹಸ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೂ ಅವರು ಊರು ಬಿಟ್ಟು ಕದಲಲಿಲ್ಲ. ಮೀನು ಹಿಡಿದರು, ಹಕ್ಕಿಗಳ ಫೋಟೊ ತೆಗೆದರು, ಚಿತ್ರ ಬರೆದರು, ಕೆಟ್ಟ ಯಂತ್ರ ಕಂಡರೆ ತಾವೇ ಬಿಚ್ಚಿ ಕೂತರು. ‘ಪುಸ್ತಕ ಪ್ರಕಾಶನ’ ಅಂತ ತಮ್ಮದೇ ಪ್ರಕಾಶನ ಮಾಡಿ, ವಿಜ್ಞಾನ, ಪರಿಸರ, ಕಾಡಿನ ಕಥೆಗಳನ್ನೆಲ್ಲ ಕಡಿಮೆ ಬೆಲೆಗೆ ಕನ್ನಡದಲ್ಲಿ ಕೊಟ್ಟರು.

ಕಂಪ್ಯೂಟರ್ ಮನೆಗೆ ಬಂದಾಗಲೂ ಅದೇ ಬುದ್ಧಿ. ಟೈಪ್ ಮಾಡೋಕೆ ಬೇರೆಯವರನ್ನು ಇಟ್ಟುಕೊಳ್ಳದೆ ತಾವೇ ಕಲಿತರು. ಪುಸ್ತಕದ ಪುಟ ಕಟ್ಟಿದರು, ಪರದೆ ಮೇಲೆ ಚಿತ್ರ ಮಾಡಿದರು. ಕನ್ನಡ ಎಲ್ಲಿ ಮುಗ್ಗರಿಸುತ್ತೆ ಅಂತ ಅವರಿಗೆ ಗೊತ್ತಾಗಿದ್ದು ಹೀಗೆ ಕೈಯಾರೆ ಕೆಲಸ ಮಾಡುವಾಗ.

ಆಗಿನ ಪರಿಸ್ಥಿತಿ ಸ್ವಲ್ಪ ನೋಡಿ. ಜನ ಬಳಸುತ್ತಿದ್ದ ‘ಬರಹ’, ‘ನುಡಿ’ ಎರಡೂ ವಿಂಡೋಸ್‌ಗಾಗಿ ಮಾಡಿದವು. ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿಗೆ ಅಧಿಕೃತ ಸ್ಥಾನ. ಆ ಕಾಲದ ಫಾಂಟ್‌ಗಳ ಉಪಾಯ ಏನಪ್ಪಾ ಅಂದ್ರೆ, ಕಂಪ್ಯೂಟರ್ ಒಳಗೆ ಉಳಿಯೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳೇ. ಅವುಗಳ ಮೇಲೆ ಕನ್ನಡದ ತುಂಡುಗಳ ಚಿತ್ರ ಹೊದಿಸಿರ್ತಾರೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತೆ. ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಒಯ್ದರೆ ಟೋಪಿ, ಬಾಲ ಹೊತ್ತ ರೋಮನ್ ಅಕ್ಷರಗಳ ಸಂತೆ. ಹುಡುಕೋಕೆ ಆಗಲ್ಲ, ಅಕಾರಾದಿಯಲ್ಲಿ ಜೋಡಿಸೋಕೆ ಆಗಲ್ಲ.

ತೇಜಸ್ವಿ ಆಕ್ಷೇಪ ಎತ್ತಿದ್ದು ಇಲ್ಲೇ. ಕನ್ನಡವನ್ನು ಒಂದು ಸಂಸ್ಥೆಯ ಏಕಸ್ವಾಮ್ಯಕ್ಕೆ ಒಪ್ಪಿಸಬಾರದು, ಕಂಪ್ಯೂಟರಿನಲ್ಲಿ ಬದುಕದ ಭಾಷೆಗೆ ಮುಂದಿನ ದಿನಗಳಿಲ್ಲ ಅನ್ನೋದು ಅವರ ವಾದ. ಬರೀ ದೂರು ಹೇಳಿ ಸುಮ್ಮನಾಗಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬೆನ್ನು ಬಿದ್ದರು. ಅವರ ಒತ್ತಾಸೆಯಿಂದ ಅಲ್ಲಿಂದ ‘ಕುವೆಂಪು’ ಹೆಸರಿನ ಕನ್ನಡ ತಂತ್ರಾಂಶ ಹೊರಬಂತು. ಕಥೆಗಾರನಿಗೆ ಯಾಕೆ ಇದೆಲ್ಲ ಅಂತ ಕೇಳಿದವರಿಗೆ ಮಂದಣ್ಣ ಅರ್ಥ ಆಗಿರಲಿಲ್ಲ ಅಷ್ಟೇ.

ಈ ಸಮಸ್ಯೆಗೆ ಯುನಿಕೋಡ್ ಉತ್ತರ ಕೊಡ್ತು. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ‘ಕ’ ಅಂದ್ರೆ 3221. ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ, ಫೋನ್ ಆಗಲಿ, ಅದು 3221ನೇ. ಯಾವ ಕಂಪನಿಯ ಅಪ್ಪಣೆಯೂ ಬೇಡ. ಕರ್ನಾಟಕ ಸರ್ಕಾರ ಯುನಿಕೋಡನ್ನು ಅಧಿಕೃತವಾಗಿ ಒಪ್ಪಿದ್ದು 2012ರಲ್ಲಿ. ಅಷ್ಟೊತ್ತಿಗೆ ತೇಜಸ್ವಿ ಇರಲಿಲ್ಲ.

ಆದರೆ ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಳೆಯ ಫಾಂಟ್‌ಗಳಲ್ಲಿ ಕೂತಿರೋ ಕಡತ, ಕರಪತ್ರ, ಪುಸ್ತಕಗಳನ್ನು ಯುನಿಕೋಡಿಗೆ ತರಬೇಕು. ಸಾವಿರಾರು ಫೈಲ್ ಒಂದೊಂದಾಗಿ ತೆರೆಯೋಕೆ ಆಗುತ್ತಾ? ಸ್ಕ್ರಿಪ್ಟ್ ಬರೀಬೇಕು. ಮುಕ್ತ ತಂತ್ರಾಂಶದ ಲೋಕದಲ್ಲೂ ಸ್ಕ್ರಿಪ್ಟ್ ಒಂದು ಕಡೆ ಓಡಿ ಇನ್ನೊಂದು ಕಡೆ ಬೀಳೋದುಂಟು. ಉಬುಂಟು 2006ರಲ್ಲೇ ತನ್ನ ಮೂಲ ಶೆಲ್ ಅನ್ನು ಬ್ಯಾಶ್‌ನಿಂದ ಡ್ಯಾಶ್‌ಗೆ ಬದಲಿಸಿತು. ಬ್ಯಾಶ್‌ನ ಅರೇಗಳನ್ನು ನಂಬಿ ಬರೆದದ್ದು ಡ್ಯಾಶ್‌ನಲ್ಲಿ ನಡೆಯಲ್ಲ. ಫ್ರೀಬಿಎಸ್‌ಡಿಯಲ್ಲಿ ಬ್ಯಾಶ್ ಅನ್ನು ನಾವೇ ಹಾಕಿಕೊಳ್ಳಬೇಕು, ಅದು ಕೂರೋ ಜಾಗವೂ ಬೇರೆ.

ಕನ್ನಡಕ್ಕೆ ಇನ್ನೊಂದು ಪೆಟ್ಟು ಜಾಸ್ತಿ. ಕರಪತ್ರದಲ್ಲಿ ಕನ್ನಡ ಅಂಕಿಯಲ್ಲಿರೋ ‘೧೯೭೪’ನ್ನು ‘1974’ ಮಾಡಬೇಕು ಅಂದ್ಕೊಳ್ಳಿ. ‘ಟಿಆರ್’ ಅನ್ನೋ ಕಮಾಂಡ್ ಅದಕ್ಕೆಂದೇ ಇದೆ. ಫ್ರೀಬಿಎಸ್‌ಡಿಯ ಟಿಆರ್ ಅಕ್ಷರ ನೋಡಿ ಬದಲಿಸುತ್ತೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗೋ ಗ್ನೂ ಟಿಆರ್ ಬೈಟ್ ಎಣಿಸುತ್ತೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಂಕಿಗೂ 3 ಬೈಟ್. ಹಾಗಾಗಿ ಅದು ಅಂಕಿಯನ್ನು ಮಧ್ಯಕ್ಕೇ ಕತ್ತರಿಸಿ ಇಡೀ ಸಾಲು ಹಾಳು ಮಾಡುತ್ತೆ. ಇಂಗ್ಲಿಷ್‌ಗೆ 1 ಬೈಟ್ ಸಾಕು, ಅದಕ್ಕೆ ಇಂಗ್ಲಿಷ್‌ನವರಿಗೆ ಈ ನೋವು ಕಾಣೋದೇ ಇಲ್ಲ. ಪರಿಹಾರ ಇದೆ: ಯುಟಿಎಫ್-8 ಲೊಕೇಲ್ ಮೊದಲೇ ಗೊತ್ತುಪಡಿಸಿ, ಟಿಆರ್ ಬದಲು ಸೆಡ್‌ನ ‘ವೈ’ ಆಜ್ಞೆ ಬಳಸಿದರೆ ಎರಡೂ ಕಡೆ ಒಂದೇ ಉತ್ತರ. ಶೆಲ್ ಮತ್ತು ಇಂಥ ಕಮಾಂಡ್‌ಗಳು ಹೇಗೆ ನಡ್ಕೋಬೇಕು ಅಂತ ಪಾಸಿಕ್ಸ್ ಅನ್ನೋ ಸಾರ್ವಜನಿಕ ಒಪ್ಪಂದವೊಂದಿದೆ. ಅದರೊಳಗೆ ಬರೆದು, ಒಂದಲ್ಲ ಮೂರ್ನಾಲ್ಕು ವ್ಯವಸ್ಥೆಗಳಲ್ಲಿ ಓಡಿಸಿ ನೋಡಿದ ಮೇಲೆ ಹಂಚಬೇಕು.

ಇದು ಬರೀ ತಾಂತ್ರಿಕ ಶಿಸ್ತು ಅಂತ ನನಗೆ ಅನ್ನಿಸಲ್ಲ. ನನ್ನ ಕಂಪ್ಯೂಟರಲ್ಲಿ ನಡೀತಿದೆಯಲ್ಲ, ನಿಂದು ಬದಲಿಸ್ಕೋ ಅನ್ನೋದು ಯಜಮಾನನ ಭಾಷೆ. ಹರಿಹರದ ಹುಡುಗಿಯೊಬ್ಬಳು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿಕೊಂಡು ಸರ್ಕಾರಿ ದಾಖಲೆ ಓದೋಕೆ ಹೊರಟರೆ, ಫಾಂಟ್ ಇಲ್ಲ ಅಂತಲೋ ವಿಂಡೋಸ್ ಇಲ್ಲ ಅಂತಲೋ ಅವಳನ್ನು ಹೊರಗೆ ನಿಲ್ಲಿಸಿದಂತೆ ಆಗಬಾರದು. ಮಾಹಿತಿ ಹಕ್ಕು ಇದೆ, ಆದರೆ ಕೊಟ್ಟ ಮಾಹಿತಿ ತೆರೆಯಲ್ಲ ಅಂದ್ರೆ ಆ ಹಕ್ಕಿಗೆ ಏನು ಬೆಲೆ? ಉಚಿತವಾಗಿ ಸಿಗೋದು ಬೇರೆ, ಬಿಚ್ಚಿ ನೋಡಿ ರಿಪೇರಿ ಮಾಡೋಕೆ ಸಿಗೋದು ಬೇರೆ.

ತೇಜಸ್ವಿ 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ತೀರಿಕೊಂಡರು. ವಯಸ್ಸು 68. ಅವರು ಶೆಲ್ ಸ್ಕ್ರಿಪ್ಟ್ ಬರೆದವರಲ್ಲ. ಆದರೆ ಮದುವೆಗೆ ಪುರೋಹಿತರು ಯಾಕೆ, ವಿಜ್ಞಾನಕ್ಕೆ ಇಂಗ್ಲಿಷೇ ಯಾಕೆ, ಕನ್ನಡಕ್ಕೆ ಒಂದೇ ಸಂಸ್ಥೆ ಯಾಕೆ ಅಂತ ಬದುಕಿಡೀ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆ ಕೇಳಿದರು. ಅವರ ಜನ್ಮದಿನಕ್ಕೆ ಸ್ಟೇಟಸ್ ಹಾಕೋ ನಾವು ಆ ಪ್ರಶ್ನೆಯನ್ನು ಸರ್ಕಾರಕ್ಕೂ ಕೇಳಬಹುದು. ಹಳೆಯ ಫಾಂಟಿನ ಕಡತಗಳನ್ನು ಯುನಿಕೋಡಿಗೆ ತರೋಕೆ ಗಡುವು ಹಾಕಿ. ಜನರ ದುಡ್ಡಲ್ಲಿ ಮಾಡಿಸಿದ ಕನ್ನಡ ತಂತ್ರಾಂಶದ ಮೂಲ ಕೋಡನ್ನು ಜನರ ಮುಂದಿಡಿ. ಟೆಂಡರ್ ಕೊಡುವಾಗ ವಿಂಡೋಸ್ ಒಂದರಲ್ಲೇ ಅಲ್ಲ, ಲಿನಕ್ಸ್‌ನಲ್ಲೂ ಓಡಿಸಿ ತೋರಿಸಬೇಕು ಅಂತ ಷರತ್ತು ಬರೀರಿ. ಮುಂದಿನ ಸಲ ನಿಮ್ಮ ಶಾಸಕರು ಕನ್ನಡಾಭಿಮಾನದ ಭಾಷಣ ಮಾಡಿದಾಗ ಈ ಮೂರರಲ್ಲಿ ಒಂದನ್ನಾದರೂ ಎದ್ದು ನಿಂತು ಕೇಳಿ.