ಕಲ್ಲು ಬೆಂಚಿನ ಮೇಲೆ ಈಥರ್

ಕ್ರಿಮಿಯಾ ಯುದ್ಧ ಎಂದರೆ ಶಾಲೆಯ ಪಾಠದಿಂದ ನಮಗೆ ನೆನಪಿರುವುದು ದೀಪ ಹಿಡಿದು ವಾರ್ಡು ಸುತ್ತುವ ಫ್ಲಾರೆನ್ಸ್ ನೈಟಿಂಗೇಲ್. ಅದೇ ಯುದ್ಧದ ಎದುರು ಪಾಳೆಯದಲ್ಲಿ ಇನ್ನೊಬ್ಬರಿದ್ದರು, ನಿಕೊಲಾಯ್ ಇವಾನೊವಿಚ್ ಪಿರೊಗೋವ್. ಗಾಯಾಳುವಿನ ನೋವು ತಗ್ಗಿಸುವ ಕೆಲಸ ಊರಿನ ಆಸ್ಪತ್ರೆಯಲ್ಲಷ್ಟೇ ಅಲ್ಲ, ಗುಂಡು ಹಾರುವ ಜಾಗದಲ್ಲೂ ಆಗಬೇಕೆಂದು ಹಟ ಹಿಡಿದ ರಷ್ಯನ್ ಶಸ್ತ್ರವೈದ್ಯ.

ಹುಟ್ಟಿದ್ದು 1810ರಲ್ಲಿ, ಮಾಸ್ಕೋದಲ್ಲಿ. ಮನೆಯ ಸ್ಥಿತಿ ಕುಸಿಯುತ್ತಿದ್ದ ಕಾಲ. ವಯಸ್ಸು ಹೆಚ್ಚಿಗೆ ತೋರಿಸಿ 14ಕ್ಕೇ ವಿಶ್ವವಿದ್ಯಾಲಯ ಸೇರಿದರು. 1828ರಲ್ಲಿ ವೈದ್ಯರಾಗಿ ಹೊರಬಂದಾಗ ಸ್ವತಃ ಒಂದೇ ಒಂದು ಶಸ್ತ್ರಚಿಕಿತ್ಸೆಯನ್ನೂ ಮಾಡಿರಲಿಲ್ಲ! ಕೈ ಪಳಗಿದ್ದು ಆಮೇಲೆ, ಡೋರ್ಪಾಟ್ ಮತ್ತು ಬರ್ಲಿನ್‌ನಲ್ಲಿ. 1841ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಸೇನಾ ವೈದ್ಯಕೀಯ ಅಕಾಡೆಮಿಗೆ ಪ್ರಾಧ್ಯಾಪಕರಾಗಿ ಬಂದರು.

1846ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದ ಸುದ್ದಿ ಯುರೋಪಿಗೆ ಹಬ್ಬಿತು. ಅಲ್ಲಿಯವರೆಗೆ ಇದ್ದದ್ದು ಮದ್ಯ, ಅಫೀಮು ಮತ್ತು ರೋಗಿಯನ್ನು ಅದುಮಿ ಹಿಡಿಯಲು ನಾಲ್ಕು ಜನ. ಪಿರೊಗೋವ್ ಸುದ್ದಿ ಕೇಳಿ ಕುಣಿಯಲಿಲ್ಲ, ತಳ್ಳಿಹಾಕಲೂ ಇಲ್ಲ. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ತಮ್ಮ ಮೇಲೆಯೇ ಪ್ರಯೋಗ ಮಾಡಿ ನೋಡಿದರು. ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಟೆಸ್ಟಿಂಗ್ ಅಂದರೆ ಎಸಿ ಕೋಣೆಯ ಮಾತು; ಅವರದು ಎಚ್ಚರ ತಪ್ಪಿದರೆ ಮತ್ತೆ ಬರುತ್ತದೋ ಇಲ್ಲವೋ ಎಂಬ ಟೆಸ್ಟಿಂಗ್.

1847ರ ಬೇಸಿಗೆಯಲ್ಲಿ ಅವರು ಕಾಕಸಸ್‌ಗೆ ಹೊರಟರು. ಡಾಗೆಸ್ತಾನದ ಸಾಲ್ಟಿ ಎಂಬ ಬೆಟ್ಟದೂರಿಗೆ ರಷ್ಯನ್ ಸೇನೆ ಮುತ್ತಿಗೆ ಹಾಕಿತ್ತು. ಅಲ್ಲಿನ ಆಸ್ಪತ್ರೆ ಎಂದರೆ ಮರದ ಕೊಂಬೆಗಳ ಚಪ್ಪರ. ಒಳಗೆ ಕಲ್ಲು ಪೇರಿಸಿ ಮಾಡಿದ ಬೆಂಚುಗಳು, ಮೇಲೆ ಹುಲ್ಲಿನ ಹಾಸು. ಮಂಡಿಯೂರಿ ಕುಳಿತೇ ಕತ್ತರಿಸಬೇಕು. ಈಥರ್ ಕುದಿಯುವುದು ಸುಮಾರು 35 ಡಿಗ್ರಿಗೆ. ಅದರ ಆವಿಗೆ ದೀಪದ ಕಿಡಿ ತಗುಲಿದರೂ ಸಾಕು. ಅಂಥ ಜಾಗದಲ್ಲಿ ಸುಮಾರು ನೂರು ಶಸ್ತ್ರಚಿಕಿತ್ಸೆಗಳನ್ನು ಅವರು ಈಥರ್ ಕೊಟ್ಟು ಮಾಡಿದರು. ಅದೇ ವರ್ಷ ಮೆಕ್ಸಿಕೊ ಯುದ್ಧದಲ್ಲಿ ಅಮೆರಿಕನ್ನರೂ ಈಥರ್ ಬಳಸಿದ್ದರು ನಿಜ, ಆದರೆ ಈ ಪ್ರಮಾಣದಲ್ಲಲ್ಲ.

ಇನ್ನೊಂದು ಉಪಾಯವನ್ನೂ ಮಾಡಿದರು. ಸರದಿಗಾಗಿ ಕಾಯುತ್ತಿದ್ದ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ನೋಡಲು ಬಿಟ್ಟರು. ಪಕ್ಕದವನ ಕಾಲು ತೆಗೆಯುವಾಗ ಅವನು ಚೀರದೆ ಮಲಗಿದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ಧೈರ್ಯ ಹೇಳಬೇಕಾಗಲಿಲ್ಲ.

ಅದೇ ವರ್ಷದ ಕೊನೆಗೆ ಕ್ಲೋರೋಫಾರ್ಮ್ ಬಂತು. ಉರಿಯುವುದಿಲ್ಲ, ಸ್ವಲ್ಪವೇ ಸಾಕು, ಹೊತ್ತೊಯ್ಯಲೂ ಸುಲಭ. ಆದರೆ ಹೆಚ್ಚಾದರೆ ಹೃದಯವೇ ನಿಲ್ಲಬಹುದು. 1848ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಕಾಲುಗುರು ತೆಗೆಸಿಕೊಳ್ಳಲು ಹೋದ 15ರ ಹುಡುಗಿ ಹ್ಯಾನಾ ಗ್ರೀನರ್ ಹಾಗೇ ಸತ್ತಳು. ಆ ಭಯ ಎಲ್ಲರಲ್ಲೂ ಇತ್ತು. ಕ್ರಿಮಿಯಾದಲ್ಲಿ ಬ್ರಿಟಿಷ್ ಸೇನೆಯ ಮುಖ್ಯ ವೈದ್ಯಾಧಿಕಾರಿ ಜಾನ್ ಹಾಲ್, ಗುಂಡೇಟಿನಿಂದ ಕುಸಿದವರಿಗೆ ಕ್ಲೋರೋಫಾರ್ಮ್ ಕೊಡುವ ಬಗ್ಗೆ ತಮ್ಮ ವೈದ್ಯರಿಗೆ ಎಚ್ಚರಿಕೆ ಹೊರಡಿಸಿದರು. ಕತ್ತಿಯ ನೋವೇ ರೋಗಿಯನ್ನು ಎಚ್ಚರವಾಗಿಡುತ್ತದೆ ಎಂಬುದು ಅವರ ವಾದ. ಹಾಲ್ ಅವರನ್ನು ಕ್ರೂರಿ ಎಂದು ಬಿಡುವುದು ಸುಲಭ. ಅಳೆದು ಕೊಡುವ ಸಾಧನವೇ ಸರಿಯಾಗಿಲ್ಲದ ಕಾಲ ಅದು. ಆದರೂ ಅವರ ಕೈಕೆಳಗಿನ ಹಲವರೇ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

1854ರ ನವೆಂಬರ್‌ನಲ್ಲಿ ಸೆವಾಸ್ಟೊಪೋಲ್ ತಲುಪಿದ ಪಿರೊಗೋವ್‌ಗೆ ಕಂಡದ್ದು ಬೇರೆಯೇ ಸಮಸ್ಯೆ. ಔಷಧಿ ಇತ್ತು, ಕ್ರಮ ಇರಲಿಲ್ಲ. ಜೋರಾಗಿ ಕೂಗಿದವನಿಗೆ ಮೊದಲು ಚಿಕಿತ್ಸೆ. ಕೂಗಲು ಶಕ್ತಿ ಇಲ್ಲದವನು ಮೂಲೆಯಲ್ಲೇ ಸಾಯುತ್ತಿದ್ದ. ಅವರು ಬಾಗಿಲಲ್ಲೇ ಗಾಯಾಳುಗಳನ್ನು ವಿಂಗಡಿಸಿದರು. ತಕ್ಷಣ ಮೇಜಿಗೆ ಹೋಗಬೇಕಾದವರು, ನಾಳೆಗೆ ಕಾಯಬಲ್ಲವರು, ಪಟ್ಟಿ ಕಟ್ಟಿ ಕಳಿಸಬಹುದಾದವರು, ಮತ್ತು ಉಳಿಯುವ ಆಸೆಯೇ ಇಲ್ಲದವರು. ಕೊನೆಯವರನ್ನು ದಾದಿಯರ ಹಾಗೂ ಪಾದ್ರಿಯ ಆರೈಕೆಗೆ ಒಪ್ಪಿಸಿದರು. ಈ ದಾದಿಯರು ರಾಜಮನೆತನದ ಎಲೆನಾ ಪಾವ್ಲೊವ್ನಾ ಕಟ್ಟಿದ ಸಂಘದವರು. ಸಾವಿರಾರು ಶಸ್ತ್ರಚಿಕಿತ್ಸೆಗಳು ಕ್ಲೋರೋಫಾರ್ಮ್ ಕೊಟ್ಟೇ ನಡೆದವು. ಮುರಿದ ಮೂಳೆಗೆ ಪ್ಲಾಸ್ಟರ್ ಪಟ್ಟಿ ಸುತ್ತಿದ್ದರಿಂದ ಎಷ್ಟೋ ಜನರ ಕೈಕಾಲು ಉಳಿಯಿತು, ಗಾಡಿಯ ಕುಲುಕಾಟದ ನರಳಾಟವೂ ತಗ್ಗಿತು.

ಯುದ್ಧ ಮುಗಿದ ಮೇಲೆ ಅವರು ಶಿಕ್ಷಣ ಇಲಾಖೆಗೆ ಹೋದರು, ಮೇಲಿನವರ ಜೊತೆ ಹೊಂದಲಾರದೆ ವಿನ್ನಿತ್ಸಾ ಬಳಿಯ ವಿಷ್ನ್ಯಾ ಎಂಬ ತಮ್ಮ ಹಳ್ಳಿ ಸೇರಿಕೊಂಡರು. 1877ರ ತುರ್ಕಿ ಯುದ್ಧಕ್ಕೆ ಕರೆ ಬಂದಾಗ 66 ದಾಟಿತ್ತು, ಹೋದರು. 1881ರಲ್ಲಿ ಅವರ ಮೇಲ್ದವಡೆಯಲ್ಲಿ ಹುಣ್ಣು ಕಾಣಿಸಿಕೊಂಡಿತು. ವಿಯೆನ್ನಾದ ಪ್ರಖ್ಯಾತ ಶಸ್ತ್ರವೈದ್ಯ ಬಿಲ್ರೋತ್ ಪರೀಕ್ಷಿಸಿದರು, ಕತ್ತಿ ಎತ್ತಲಿಲ್ಲ. ಅದು ಕ್ಯಾನ್ಸರ್. ಅದೇ ವರ್ಷದ ಕೊನೆಗೆ ವಿಷ್ನ್ಯಾದಲ್ಲಿ ತೀರಿಕೊಂಡರು. ಕೆಡದಂತೆ ಸಂಸ್ಕರಿಸಿದ ಅವರ ದೇಹ ಅಲ್ಲಿನ ಚರ್ಚಿನ ನೆಲಮಾಳಿಗೆಯಲ್ಲಿ ಈಗಲೂ ಇದೆ.