ಫ್ರಾನ್ಸಿಸ್ ವೀಮೆಟ್

ಫ್ರಾನ್ಸಿಸ್ ವೀಮೆಟ್ (8 ಮೇ 1893 – 2 ಸೆಪ್ಟೆಂಬರ್ 1967) ಅಮೆರಿಕದ ಹವ್ಯಾಸಿ ಗಾಲ್ಫ್ ಆಟಗಾರರು. ವೃತ್ತಿಪರರ ಪ್ರಾಬಲ್ಯವಿದ್ದ ಯು.ಎಸ್. ಓಪನ್ ಪಂದ್ಯಾವಳಿಯನ್ನು ಗೆದ್ದ ಮೊದಲ ಹವ್ಯಾಸಿ ಎಂಬ ಕೀರ್ತಿ ಇವರದು. 1913ರಲ್ಲಿ ಈ ಗೆಲುವು ದೊರೆತಾಗ ಇವರಿಗೆ ಇಪ್ಪತ್ತು ವರ್ಷ. ಈ ಪಂದ್ಯಾವಳಿಯನ್ನು ಗೆದ್ದ ಮೊದಲ ಅಮೆರಿಕ ಸಂಜಾತರೂ ಇವರೇ ಎಂದು ಕೆಲವರು ತಿಳಿಯುವುದುಂಟು, ಅದು ಸರಿಯಲ್ಲ. ಆ ಗೌರವ 1911 ಮತ್ತು 1912ರಲ್ಲಿ ಗೆದ್ದ ಜಾನ್ ಮೆಕ್‌ಡರ್ಮಟ್ ಅವರಿಗೆ ಸಲ್ಲುತ್ತದೆ.

ಜನನ ಮತ್ತು ಬಾಲ್ಯ

ವೀಮೆಟ್ ಜನಿಸಿದ್ದು ಬಾಸ್ಟನ್ ನಗರದ ಪಕ್ಕದ ಬ್ರೂಕ್‌ಲೈನ್‌ನಲ್ಲಿ. ತಂದೆ ಆರ್ಥರ್ ಫ್ರೆಂಚ್-ಕೆನಡಿಯನ್ ವಲಸಿಗರು, ತಾಯಿ ಮೇರಿ ಐರಿಷ್ ಮೂಲದವರು. ಕುಟುಂಬ ಸ್ಥಿತಿವಂತರದಲ್ಲ. ಆದರೆ ಮನೆಯ ಎದುರು ರಸ್ತೆ ದಾಟಿದರೆ ಶ್ರೀಮಂತರ 'ದಿ ಕಂಟ್ರಿ ಕ್ಲಬ್'ನ ಹದಿನೇಳನೆಯ ಕುಳಿಯ ಮೈದಾನವಿತ್ತು. ಬಾಲಕ ಫ್ರಾನ್ಸಿಸ್ ಅಲ್ಲಿ ಆಟಗಾರರ ಕೋಲಿನ ಚೀಲ ಹೊರುವ ಕ್ಯಾಡಿಯಾಗಿ ದುಡಿದರು. ಅಣ್ಣ ವಿಲ್‌ಫ್ರೆಡ್ ಮನೆಯ ಹಿಂದೆ ರೂಪಿಸಿದ್ದ ಮೂರು ಕುಳಿಗಳ ಅಂಗಳದಲ್ಲಿ ಆಟ ಕಲಿತರು. ಹದಿನಾರು ದಾಟಿದ ಮೇಲೂ ಕೂಲಿಗೆ ಚೀಲ ಹೊತ್ತವರನ್ನು ವೃತ್ತಿಪರರೆಂದು ಪರಿಗಣಿಸುವ ನಿಯಮ ಆಗ ಇದ್ದುದರಿಂದ ಆ ಕೆಲಸ ಬಿಟ್ಟು, ಮುಂದೆ ಕ್ರೀಡಾ ಸಾಮಗ್ರಿಗಳ ಅಂಗಡಿಯೊಂದರಲ್ಲಿ ನೌಕರಿಗೆ ಸೇರಿದರು.

1913ರ ಯು.ಎಸ್. ಓಪನ್

ಆ ವರ್ಷದ ಪಂದ್ಯಾವಳಿ ಇದೇ ಕಂಟ್ರಿ ಕ್ಲಬ್‌ನಲ್ಲಿ ನಡೆಯಿತು. ಇಂಗ್ಲೆಂಡಿನಿಂದ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಬಂದಿದ್ದರು. ವಾರ್ಡನ್ ಅದಾಗಲೇ ಐದು ಬಾರಿ ಬ್ರಿಟಿಷ್ ಓಪನ್ ಗೆದ್ದವರು; ರೇ ಅದರ ಹಿಂದಿನ ವರ್ಷದ ವಿಜೇತರು. ಇವರ ಅನುಕೂಲಕ್ಕೆಂದೇ ಪಂದ್ಯಾವಳಿಯನ್ನು ಸೆಪ್ಟೆಂಬರ್‌ಗೆ ಮುಂದೂಡಲಾಗಿತ್ತು. ವೀಮೆಟ್ ಅವರ ಚೀಲ ಹೊತ್ತವನು ಹತ್ತು ವರ್ಷದ ಎಡ್ಡಿ ಲೋವರಿ.

ಗಾಲ್ಫ್‌ನಲ್ಲಿ ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಿದವರು ಗೆಲ್ಲುತ್ತಾರೆ. ಮಳೆಯಲ್ಲಿ ನೆನೆದ ಮೈದಾನದ ಮೇಲೆ ವಾರ್ಡನ್ ಮತ್ತು ರೇ ತಲಾ 304 ಹೊಡೆತಗಳಲ್ಲಿ ಆಟ ಮುಗಿಸಿದ್ದರು. ಅವರನ್ನು ಸರಿಗಟ್ಟಲು ವೀಮೆಟ್ ಕೊನೆಯ ಆರು ಕುಳಿಗಳನ್ನು 22 ಹೊಡೆತಗಳಲ್ಲಿ ಮುಗಿಸಬೇಕಿತ್ತು. ಹದಿಮೂರನೆಯ ಕುಳಿಗೆ ಹಸಿರು ಅಂಕಣದ ಹೊರಗಿನಿಂದಲೇ ಚೆಂಡನ್ನು ಸೇರಿಸಿದರು. ಮನೆಯೆದುರಿನ ಹದಿನೇಳನೆಯದರಲ್ಲಿ ದೂರದಿಂದ ತಳ್ಳಿದ ಚೆಂಡು ಕುಳಿಗೆ ಬಿತ್ತು. ಮೂವರೂ ಸಮಬಲರಾದರು.

ಮರುದಿನ, ಸೆಪ್ಟೆಂಬರ್ 20ರಂದು, ಹದಿನೆಂಟು ಕುಳಿಗಳ ನಿರ್ಣಾಯಕ ಪಂದ್ಯ. ಅಷ್ಟು ದೊಡ್ಡ ಪಂದ್ಯಕ್ಕೆ ಅನುಭವಿ ಕ್ಯಾಡಿಯನ್ನು ಇಟ್ಟುಕೊಳ್ಳಬೇಕೆಂಬ ಸಲಹೆ ಬಂದರೂ ವೀಮೆಟ್ ಎಡ್ಡಿಯನ್ನು ಬಿಡಲಿಲ್ಲ. ಅರ್ಧ ಆಟ ಮುಗಿದಾಗ ಮೂವರ ಲೆಕ್ಕವೂ 38. ಹತ್ತನೆಯ ಕುಳಿಯಲ್ಲಿ ವೀಮೆಟ್ ಒಂದು ಹೊಡೆತ ಮುಂದೆ ಹೋದರು. ಹದಿನೇಳನೆಯದರಲ್ಲಿ ತಿರುವನ್ನು ಕತ್ತರಿಸಿ ಹೊಡೆಯಲು ಹೋದ ವಾರ್ಡನ್ ಅವರ ಚೆಂಡು ಮರಳುಗುಂಡಿಗೆ ಬಿದ್ದಿತು. ವೀಮೆಟ್ ಮತ್ತೆ ಮೂರೇ ಹೊಡೆತಗಳಲ್ಲಿ ಅದನ್ನು ಮುಗಿಸಿದರು. ಕೊನೆಯ ಲೆಕ್ಕ ವೀಮೆಟ್ 72, ವಾರ್ಡನ್ 77, ರೇ 78. ಹವ್ಯಾಸಿಯಾದ್ದರಿಂದ ಬಹುಮಾನದ ಹಣ ಇವರಿಗೆ ಸಲ್ಲಲಿಲ್ಲ.

ಹವ್ಯಾಸಿ ಸ್ಥಾನದ ವಿವಾದ

1914ರಲ್ಲಿ ಯು.ಎಸ್. ಅಮೆಚೂರ್ ಪ್ರಶಸ್ತಿಯನ್ನೂ ವೀಮೆಟ್ ಗೆದ್ದರು. ಆದರೆ ಅವರು ಕ್ರೀಡಾ ಸಾಮಗ್ರಿಗಳ ವ್ಯಾಪಾರದಲ್ಲಿ ತೊಡಗಿದ್ದರು. ಆಟದ ಹೆಸರಿನಿಂದ ಲಾಭ ಪಡೆಯುತ್ತಿದ್ದಾರೆಂದು ಹೇಳಿ ಅಮೆರಿಕದ ಗಾಲ್ಫ್ ಸಂಘವು 1916ರಲ್ಲಿ ಅವರ ಹವ್ಯಾಸಿ ಸ್ಥಾನವನ್ನು ಕಿತ್ತುಕೊಂಡಿತು. ಪಿತ್ರಾರ್ಜಿತ ಸಂಪತ್ತು ಇದ್ದವರಿಗೆ ಈ ನಿಯಮ ತೊಡಕಾಗುವಂತಿರಲಿಲ್ಲ. ದುಡಿದು ಉಣ್ಣಬೇಕಾದ ಆಟಗಾರನಿಗೆ ಮಾತ್ರ ಅದು ಕಠಿಣವಾಗಿತ್ತು. ಪಾಶ್ಚಿಮಾತ್ಯ ಗಾಲ್ಫ್ ಸಂಘವು ಈ ನಿರ್ಧಾರವನ್ನು ಮಾನ್ಯ ಮಾಡಲಿಲ್ಲ, ಅದರ 1917ರ ಹವ್ಯಾಸಿ ಪ್ರಶಸ್ತಿಯನ್ನು ವೀಮೆಟ್ ಅವರೇ ಗೆದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಸೈನ್ಯಕ್ಕೆ ಸೇರಿದ ಬಳಿಕ, 1918ರಲ್ಲಿ, ಸ್ಥಾನ ಮರಳಿ ದೊರೆಯಿತು. ವಿಶೇಷವೆಂದರೆ ಇಷ್ಟಾದರೂ ಅವರು ವೃತ್ತಿಪರರಾಗಲಿಲ್ಲ, ಸಂಘದೊಡನೆ ಹಗೆ ಸಾಧಿಸಲೂ ಇಲ್ಲ.

ನಂತರದ ಬದುಕು

1931ರಲ್ಲಿ, ಹದಿನೇಳು ವರ್ಷಗಳ ಬಳಿಕ, ಯು.ಎಸ್. ಅಮೆಚೂರ್ ಪ್ರಶಸ್ತಿ ಎರಡನೆಯ ಬಾರಿ ಅವರದಾಯಿತು. ಬ್ರಿಟನ್ ವಿರುದ್ಧದ ವಾಕರ್ ಕಪ್ ಪಂದ್ಯಗಳಲ್ಲಿ ಆಟಗಾರರಾಗಿಯೂ ನಾಯಕರಾಗಿಯೂ ಭಾಗವಹಿಸಿದರು. 1951ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಗಾಲ್ಫ್ ಕ್ಲಬ್ ಇವರನ್ನು ನಾಯಕರನ್ನಾಗಿ ಆರಿಸಿತು. ಆ ಪದವಿ ಪಡೆದ ಮೊದಲ ಅಮೆರಿಕನ್ ಇವರು. ಎಡ್ಡಿ ಲೋವರಿ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಮೋಟಾರು ಕಾರುಗಳ ದೊಡ್ಡ ವ್ಯಾಪಾರಿಯಾದರು. ಅವರಿಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು.

ವೀಮೆಟ್ ಹೆಸರಿನಲ್ಲಿ 1949ರಲ್ಲಿ ಸ್ಥಾಪನೆಯಾದ ವಿದ್ಯಾರ್ಥಿವೇತನ ನಿಧಿಯು ಮೆಸಾಚೂಸೆಟ್ಸ್‌ನ ಗಾಲ್ಫ್ ಮೈದಾನಗಳಲ್ಲಿ ಕ್ಯಾಡಿಗಳಾಗಿ ಮತ್ತು ಇತರ ಕೆಲಸಗಳಲ್ಲಿ ದುಡಿಯುವ ತರುಣರ ಕಾಲೇಜು ಶಿಕ್ಷಣಕ್ಕೆ ಇಂದಿಗೂ ನೆರವಾಗುತ್ತಿದೆ.