ಡಾ. ಜೇಮ್ಸ್ ಯೂಯಿಂಗ್: ಅರ್ಬುದ ರೋಗದ ಅರಿವಿಗೆ ಮೀಸಲಾದ ಬಾಳು

ಎಲುಬಿನಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರಿಗೆ ‘ಯೂಯಿಂಗ್ ಸಾರ್ಕೋಮ’ ಎಂಬ ಹೆಸರಿರುವುದನ್ನು ವೈದ್ಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆ ಹೆಸರಿನ ಹಿಂದಿರುವ ಮಹನೀಯರ ಬಾಳನ್ನು ಬಲ್ಲವರು ಮಾತ್ರ ವಿರಳ. ಅವರು ಬೆಳೆಸಿದ ಆಸ್ಪತ್ರೆಯಲ್ಲಿಯೇ ರೂಪುಗೊಂಡು, ಇಂದು ನಮ್ಮ ನಾಡಿನ ಆಸ್ಪತ್ರೆಗಳಲ್ಲಿಯೂ ಸ್ತ್ರೀಯರ ಸ್ತನದ ಗಂಟನ್ನು ಪರೀಕ್ಷಿಸಲು ಬಳಕೆಯಲ್ಲಿರುವ ಸೂಜಿಯ ವಿಧಾನದ ಕಥೆಯಂತೂ ಇನ್ನೂ ಅಪರಿಚಿತ. ಇವೆರಡನ್ನೂ ಜೊತೆಯಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಜೇಮ್ಸ್ ಯೂಯಿಂಗರು 1866ನೆಯ ಇಸವಿ ಡಿಸೆಂಬರ್ 25ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ತಂದೆ ನ್ಯಾಯಾಧೀಶರು, ಮನೆತನ ಸುಶಿಕ್ಷಿತವಾದುದು. ಹದಿನಾಲ್ಕನೆಯ ವಯಸ್ಸಿನಲ್ಲಿ ಬಾಲಕನ ತೊಡೆಯೆಲುಬಿಗೆ ಕೀವಿನ ರೋಗ ತಗುಲಿತು. ಪ್ರತಿಜೀವಕ ಔಷಧಗಳ ಹೆಸರೂ ಇಲ್ಲದ ಕಾಲವದು. ಎರಡು ವರ್ಷಗಳ ಕಾಲ ಅವರು ಹಾಸಿಗೆ ಹಿಡಿದು ಮಲಗಬೇಕಾಯಿತು. ಆಟವಾಡುವ ವಯಸ್ಸಿನಲ್ಲಿ ಹೀಗೆ ಕಟ್ಟುಬಿದ್ದ ಹುಡುಗನು ಮುಂದೆ ರೋಗಶಾಸ್ತ್ರವನ್ನೇ ಬಾಳಿನ ಕಾಯಕವನ್ನಾಗಿ ಆರಿಸಿಕೊಂಡುದು ಆಶ್ಚರ್ಯದ ಸಂಗತಿಯೇನಲ್ಲ.

1888ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನಿಂದ ಪದವಿಯನ್ನೂ, 1891ರಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದ ಯೂಯಿಂಗರು, 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಮೊತ್ತಮೊದಲ ರೋಗಶಾಸ್ತ್ರ ಪ್ರಾಧ್ಯಾಪಕರಾದರು. ಮರುವರ್ಷ ವಿವಾಹವಾಯಿತು. ಆದರೆ ಸಂಸಾರಸುಖ ಬಹುಕಾಲ ಉಳಿಯಲಿಲ್ಲ. 1903ರಲ್ಲಿ ಪತ್ನಿ ತೀರಿಕೊಂಡರು. ಪುಟ್ಟ ಮಗನೊಬ್ಬ ಉಳಿದನು. ಆ ಬಳಿಕ ಅವರು ಜನರ ಗುಂಪಿನಿಂದ ದೂರ ಸರಿದು ಪ್ರಯೋಗಾಲಯದಲ್ಲಿಯೇ ಹೆಚ್ಚಿನ ಹೊತ್ತು ಕಳೆಯತೊಡಗಿದರು. ಉತ್ತರವಯಸ್ಸಿನಲ್ಲಿ ಮುಖದ ನರದ ಘೋರವಾದ ನೋವೂ ಅವರನ್ನು ಕಾಡಿತು.

ಅವರ ಬಾಳಿನ ದೊಡ್ಡ ತಿರುವು ಬಂದುದು ಒಬ್ಬ ತಂದೆಯ ದುಃಖದಿಂದ. ಗಣಿ ಉದ್ಯಮದಲ್ಲಿ ಅಪಾರ ಸಂಪತ್ತು ಗಳಿಸಿದ್ದ ಜೇಮ್ಸ್ ಡಗ್ಲಸ್ ಎಂಬವರ ಮಗಳು ಸ್ತನದ ಕ್ಯಾನ್ಸರಿಗೆ ಬಲಿಯಾಗಿದ್ದಳು. ರೇಡಿಯಂ ಧಾತುವಿನ ಕಿರಣಗಳಿಂದ ಈ ರೋಗವನ್ನು ಜಯಿಸಬಹುದೆಂಬ ಹಂಬಲ ಡಗ್ಲಸರದು. ಅವರೂ ಯೂಯಿಂಗರೂ ಕೂಡಿ, 1884ರಲ್ಲಿ ಕ್ಯಾನ್ಸರ್ ಆಸ್ಪತ್ರೆಯಾಗಿ ಹುಟ್ಟಿ ತನ್ನ ಮೂಲೋದ್ದೇಶದಿಂದ ದೂರ ಸರಿದಿದ್ದ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯನ್ನು ಮತ್ತೆ ಆ ಕಾರ್ಯಕ್ಕೆ ತಿರುಗಿಸಿದರು. ಡಗ್ಲಸರು ಒಂದು ಲಕ್ಷ ಡಾಲರುಗಳನ್ನೂ ರೇಡಿಯಮ್ಮನ್ನೂ ದಾನವಿತ್ತರು. ಧನವುಳ್ಳವರ ದಾನವೂ ಜ್ಞಾನವುಳ್ಳವರ ದುಡಿಮೆಯೂ ಹೀಗೆ ಕೂಡಿಬಂದುದು ಆ ಸಂಸ್ಥೆಯ ಭಾಗ್ಯ. ಇದಕ್ಕೆ ಮೊದಲೇ, 1907ರಲ್ಲಿ, ಅಮೆರಿಕದ ಕ್ಯಾನ್ಸರ್ ಸಂಶೋಧಕರ ಸಂಘವನ್ನು ಸ್ಥಾಪಿಸಿದವರಲ್ಲಿ ಯೂಯಿಂಗರೂ ಒಬ್ಬರಾಗಿದ್ದರು.

1919ರಲ್ಲಿ ಅವರ ಮಹಾಗ್ರಂಥ ‘ನಿಯೋಪ್ಲಾಸ್ಟಿಕ್ ಡಿಸೀಸಸ್’ ಪ್ರಕಟವಾಯಿತು. ಅರ್ಬುದಗಳನ್ನು ಸೂಕ್ಷ್ಮದರ್ಶಕದಡಿ ಬಗೆಬಗೆಯಾಗಿ ವಿಂಗಡಿಸಿ ತಿಳಿಸುವ ಆ ಗ್ರಂಥವು ಬಹುಕಾಲ ಪ್ರಮಾಣವಾಗಿ ನಿಂತಿತು. ಅವರ ಹೆಸರಿನ ಎಲುಬಿನ ಅರ್ಬುದವನ್ನು ವರ್ಣಿಸಿದ ಪ್ರಬಂಧ ಬಂದುದು 1921ರಲ್ಲಿ. ಅದಕ್ಕೆ ಆಧಾರವಾದ ರೋಗಿಗಳಲ್ಲಿ ಹದಿನಾಲ್ಕು ವರ್ಷದ ಬಾಲಕಿಯೊಬ್ಬಳಿದ್ದಳು. ಯೂಯಿಂಗರು ಸ್ವತಃ ಎಲುಬಿನ ರೋಗದಿಂದ ಮಲಗಿದ ವಯಸ್ಸೂ ಅದೇ. ಕಾಕತಾಳೀಯವಿದ್ದರೂ ಮನಸ್ಸಿಗೆ ನಾಟುವ ಸಂಗತಿ.

ಇನ್ನು ಸೂಜಿಯ ವಿಷಯ. ಆ ಕಾಲದಲ್ಲಿ ಸ್ತನದಲ್ಲಿ ಗಂಟು ಕಂಡ ಸ್ತ್ರೀಯ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬೇಕು. ಅದು ಬರಿಯ ನೀರಿನ ಚೀಲವೋ, ನಿರುಪದ್ರವಿ ಗಡ್ಡೆಯೋ, ಕ್ಯಾನ್ಸರೋ ಎಂಬುದು ಕೈಯಿಂದ ಮುಟ್ಟಿ ನೋಡಿದಷ್ಟರಿಂದ ನಿಶ್ಚಯವಾಗದು. ಆಕೆಯನ್ನು ಅರಿವಳಿಕೆಯಲ್ಲಿ ಮಲಗಿಸಿ, ಗಂಟನ್ನು ಕೊಯ್ದು, ತುಣುಕನ್ನು ಹೆಪ್ಪುಗಟ್ಟಿಸಿ ಅಲ್ಲಿಯೇ ಪರೀಕ್ಷಿಸುತ್ತಿದ್ದರು. ಕ್ಯಾನ್ಸರೆಂದು ಕಂಡರೆ ಅದೇ ನಿದ್ರೆಯಲ್ಲಿ ಸ್ತನವನ್ನೂ ಎದೆಯ ಸ್ನಾಯುಗಳನ್ನೂ ತೆಗೆದುಹಾಕುವುದು ರೂಢಿ. ಎಚ್ಚರವಾದಾಗ ತನ್ನ ದೇಹದಲ್ಲಿ ಏನು ಉಳಿದಿದೆಯೆಂಬುದು ಆಕೆಗೆ ಮೊದಲೇ ತಿಳಿದಿರುತ್ತಿರಲಿಲ್ಲ. ಈ ಪದ್ಧತಿ 1970ರ ದಶಕದವರೆಗೂ ಬಹುಮಟ್ಟಿಗೆ ನಡೆದುಬಂದಿತು.

ಅರ್ಬುದವನ್ನು ಕತ್ತರಿಸಿದರೆ ರೋಗದ ಕಣಗಳು ಚದುರಿಯಾವು ಎಂಬ ಭಯ ಯೂಯಿಂಗರಿಗೆ ಬಲವಾಗಿತ್ತು. ಪರೀಕ್ಷೆಗೆಂದು ಕೊಯ್ಯುವುದನ್ನು ಅವರು ಸುಲಭವಾಗಿ ಒಪ್ಪುತ್ತಿರಲಿಲ್ಲ. ಆದರೆ ಅವರೇ ಎತ್ತಿಹಿಡಿದ ಕಿರಣಚಿಕಿತ್ಸೆಯಲ್ಲಿ ಗಂಟನ್ನು ಹೊರತೆಗೆಯುವ ಪ್ರಸಂಗವೇ ಇಲ್ಲ. ಹೊರತೆಗೆಯದೆ, ಕೊಯ್ಯದೆ, ರೋಗ ಇಂಥದೇ ಎಂದು ಹೇಳುವುದೆಂತು? ಈ ಇಕ್ಕಟ್ಟಿನಲ್ಲಿ ದಾರಿ ತೆರೆದವರು ಅದೇ ಆಸ್ಪತ್ರೆಯ ಶಸ್ತ್ರವೈದ್ಯ ಹೇಯ್ಸ್ ಮಾರ್ಟಿನ್ ಮತ್ತು ಪ್ರಯೋಗಾಲಯದ ಎಡ್ವರ್ಡ್ ಎಲ್ಲಿಸ್. 1930ರಲ್ಲಿ ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ಚರ್ಮವನ್ನು ಶುದ್ಧಗೊಳಿಸಿ, ಆ ಜಾಗವನ್ನು ಮಾತ್ರ ಮರಗಟ್ಟಿಸಿ, ಸುಮಾರು ಒಂದೂಕಾಲು ಮಿಲಿಮೀಟರ್ ದಪ್ಪದ ಸೂಜಿಯನ್ನು ಗಂಟಿನೊಳಕ್ಕೆ ತೂರಿಸುವುದು; ಪಿಚಕಾರಿಯ ಹಿಡಿಯನ್ನು ಎಳೆದು ಒಳಗಿನ ಕಣಗಳನ್ನು ಹೀರುವುದು; ಹೀರಿದುದನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡುವುದು. ನೋಡಲು ಸರಳ. ಆದರೆ ಅಂಗಾಂಶದ ಕಟ್ಟಡವನ್ನೇ ನೋಡಿ ರೋಗ ಗುರುತಿಸಲು ಕಲಿತಿದ್ದ ಕಣ್ಣಿಗೆ, ಕಟ್ಟಡ ಬಿಚ್ಚಿಹೋಗಿ ಬಿಡಿಬಿಡಿಯಾಗಿ ಬಿದ್ದ ಜೀವಕೋಶಗಳನ್ನು ಓದುವುದು ಬೇರೆಯೇ ವಿದ್ಯೆ. ಆ ವಿದ್ಯೆಯನ್ನು ಶ್ರಮದಿಂದ ರೂಢಿಸಿಕೊಂಡವರು ಅಲ್ಲಿಯ ರೋಗಶಾಸ್ತ್ರಜ್ಞ ಫ್ರೆಡ್ ಸ್ಟೂವರ್ಟ್; ಅವರ ಪ್ರಬಂಧ 1933ರಲ್ಲಿ ಬಂದಿತು. ಸೂಜಿಯಲ್ಲಿ ಕ್ಯಾನ್ಸರ್ ಕಾಣದಿದ್ದ ಮಾತ್ರಕ್ಕೆ ಗಂಟಿನಲ್ಲಿ ಕ್ಯಾನ್ಸರ್ ಇಲ್ಲವೆಂದು ತೀರ್ಮಾನಿಸಬಾರದೆಂಬ ಎಚ್ಚರವೂ ಆಗಲೇ ಮೂಡಿತ್ತು. ಸೂಜಿಯ ಮೊನೆ ರೋಗದ ಪಕ್ಕದಲ್ಲಿಯೇ ಹಾದುಹೋಗಬಹುದಲ್ಲವೇ!

ಅಮೆರಿಕದ ಇತರ ಆಸ್ಪತ್ರೆಗಳು ಇದನ್ನು ಬೇಗ ಸ್ವೀಕರಿಸಲಿಲ್ಲ. ಕಣಗಳು ಚದುರುವ ಶಂಕೆ, ತಪ್ಪು ಓದಿನ ಶಂಕೆ ಎರಡೂ ಅಡ್ಡಬಂದವು. ವಿಧಾನವು ನಿಜವಾಗಿ ಬೇರೂರಿದುದು 1950ರ ದಶಕದ ತರುವಾಯ, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ. ಅಲ್ಲಿಯ ಸಿಕ್ಸ್ಟೆನ್ ಫ್ರಾನ್ಜೆನ್, ಜೋಸೆಫ್ ಜಾಯಿಚೆಕ್ ಮೊದಲಾದವರು ಸುಮಾರು 0.7 ಮಿಲಿಮೀಟರಿನ ಸಣ್ಣ ಸೂಜಿಯನ್ನು ಬಳಸಿದರು. ಒಂದು ಕೈಯಲ್ಲಿ ಗಂಟನ್ನು ಹಿಡಿದು ಇನ್ನೊಂದರಿಂದ ಹೀರಲು ಅನುವಾಗುವ ಹಿಡಿಕೆಯನ್ನೂ ರೂಪಿಸಿದರು. ಅಲ್ಲಿಂದ ಅದು ಅಮೆರಿಕಕ್ಕೆ ಮರಳಿತು, ಭಾರತಕ್ಕೂ ಬಂದಿತು. ‘ಎಫ್.ಎನ್.ಎ.ಸಿ.’ ಎಂದು ನಮ್ಮ ವೈದ್ಯರು ಚೀಟಿಯಲ್ಲಿ ಬರೆಯುವುದು ಇದನ್ನೇ. ಗಂಟು ನೀರಿನ ಚೀಲವಾಗಿದ್ದರೆ ನೀರು ಹೊರಬಂದು ಅದು ಅಲ್ಲಿಯೇ ಕುಗ್ಗುತ್ತದೆ, ಪರೀಕ್ಷೆಯೇ ಪರಿಹಾರವಾಗುತ್ತದೆ. ಖರ್ಚು ಅಲ್ಪ, ಆಸ್ಪತ್ರೆಯಲ್ಲಿ ಮಲಗಬೇಕಾದುದಿಲ್ಲ. ಆದರೆ ಕ್ಯಾನ್ಸರ್ ನಾಳದೊಳಗೇ ಇದೆಯೋ ಸುತ್ತಲೂ ಹಬ್ಬಿದೆಯೋ ಎಂಬುದನ್ನು ಬಿಡಿ ಜೀವಕೋಶಗಳು ಹೇಳಲಾರವು. ಆದಕಾರಣ ಇಂದು ಕೈಪರೀಕ್ಷೆ, ಕ್ಷಕಿರಣ ಅಥವಾ ಶ್ರವಣಾತೀತ ಧ್ವನಿಯ ಚಿತ್ರ, ಸೂಜಿ ಈ ಮೂರನ್ನೂ ಹೊಂದಿಸಿ ನೋಡುತ್ತಾರೆ. ಕ್ಯಾನ್ಸರಿನ ಶಂಕೆಯಿದ್ದಲ್ಲಿ ಅಂಗಾಂಶದ ಸಣ್ಣ ಎಳೆಯನ್ನೇ ತೆಗೆಯುವ ದಪ್ಪ ಸೂಜಿಗೆ ಈಗ ಹೆಚ್ಚಿನ ಮನ್ನಣೆ. ಏನಾದರಾಗಲಿ, ಶಸ್ತ್ರಚಿಕಿತ್ಸೆಗೆ ಮುನ್ನವೇ ರೋಗಿಗೆ ತನ್ನ ರೋಗ ತಿಳಿಯುತ್ತದೆ. ಮನೆಯವರೊಡನೆ ಆಲೋಚಿಸಲು ಆಕೆಗೆ ಕಾಲಾವಕಾಶ ದೊರೆಯುತ್ತದೆ.

ಯೂಯಿಂಗರು ಇದನ್ನೆಲ್ಲ ಕಾಣಲು ಉಳಿಯಲಿಲ್ಲ. 1931ರ ಜನವರಿಯಲ್ಲಿ ‘ಟೈಮ್’ ಪತ್ರಿಕೆ ಅವರ ಚಿತ್ರವನ್ನು ಮುಖಪುಟದಲ್ಲಿ ಅಚ್ಚಿಸಿದಾಗ ಅವರು ಕೀರ್ತಿಯ ಶಿಖರದಲ್ಲಿದ್ದರು. ತಮ್ಮ ಆಸ್ಪತ್ರೆಯ ನಿರ್ದೇಶಕತ್ವವನ್ನೂ ವಹಿಸಿ, 1939ರಲ್ಲಿ ಅದು ಹೊಸ ಕಟ್ಟಡಕ್ಕೆ ಹೋಗುವ ವೇಳೆಗೆ ನಿವೃತ್ತರಾದರು. 1943ರ ಮೇ 16ರಂದು, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಮೂತ್ರಕೋಶದ ಕ್ಯಾನ್ಸರಿನಿಂದ ಅವರು ನಿಧನರಾದರು.